ಕುಂಡಕ್ಕೊಂದು ಜಳಕ

ನಮ್ಮ ಬಳಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನಲ್ಲಿ ಹಬ್ಬಿದೆ. ಯಾರಿಗೆ ವರ್ಗವಾದರೂ ಮಂಚ, ಕಪಾಟು, ಫ್ರಿಜ್ಜು ಟೆಂಪೊ ಏರುತ್ತವೆ. ಗಿಡ ಸತ್ತ ಕುಂಡಗಳು ಮಾತ್ರ "ನಿಮಗ ಗಿಡದ ಹುಚ್ಚು ಅದಲ್ರೀ" ಎಂಬ ಹೊಗಳಿಕೆಯೊಂದಿಗೆ ಜೇವರ್ಗಿಯ ನಮ್ಮ ಅಂಗಳಕ್ಕೆ ಬಂದಿಳಿಯುತ್ತವೆ. ಬೇಡ ಅನ್ನುವ ಹಾಗಿಲ್ಲ. ಅಂದರೆ ಮುಂದಿನ ಮದುವೆಯ ಕರೆಯೋಲೆ ಅಂಚೆಯಲ್ಲಿ ಬರುತ್ತದೆ.

ಬಂದ ಕುಂಡದ ಒಳಗೆ ಎರೆಮಣ್ಣು. ಹಸಿಯಿದ್ದರೆ ಬೆರಳು ಬಿಡುವುದಿಲ್ಲ, ಒಣಗಿದರೆ ಕುರ್ಪಿಗೂ ಬಗ್ಗುವುದಿಲ್ಲ. ನಡುವಿನ ಹದ ನೋಡಿ ಕೆರೆಯಬೇಕು. ಹೊರಗೆ, ಬೋರಿನ ಗಡಸು ನೀರು ಬಿಟ್ಟುಹೋದ ಬಿಳಿ ಪೊರೆ. ಶಹಾಬಾದಿ ಕಲ್ಲು ಕೊಟ್ಟ ಸುಣ್ಣಕಲ್ಲಿನ ಸೀಮೆ ನಮ್ಮದು. ಉಚಿತವಾಗಿ ಕುಂಡಕ್ಕೂ ಸುಣ್ಣ ಬಳಿಯುತ್ತದೆ. ನೀರು ಬೆರೆಸಿದ ವಿನೆಗರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ನಾರಿನಿಂದ ತಿಕ್ಕಿದರೆ ಆ ಪೊರೆ ಬಿಡುತ್ತದೆ.

ಪಕ್ಕದ ಮನೆ ಕಾಕಿ ಕಟ್ಟೆಯ ಮೇಲಿಂದ ಕೇಳಿದರು: "ಏನೋ ತಮ್ಮಾ, ಕುಂಡಕ್ಕ ಜಳಕ ಮಾಡಸ್ಲಾಕತ್ತೀದಿ? ಗಿಡ ಹುಟ್ಟೂದು ಮಣ್ಣಾಗ, ದವಾಖಾನ್ಯಾಗಲ್ಲ."

"ಕಾಕಿ, ತೊಗರಿ ನೆಟೆ ಹೋದ ಹೊಲದಾಗ ಮರುವರ್ಷ ಮತ್ತ ತೊಗರೀನ ಹಾಕ್ತೀರೇನು?"

"ಹುಚ್ಚ ಹಿಡದದೇನು? ಜೋಳ ಹಾಕ್ತೀವಿ."

ಕಾಕಿ ತಮ್ಮ ಬಾಯಿಂದಲೇ ಸೋತರು. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು; ನೆಟೆ ರೋಗ ತರುವ ಫ್ಯುಸೇರಿಯಂ ಶಿಲೀಂಧ್ರ ಆ ಪ್ರಮಾಣಪತ್ರ ಓದಿಲ್ಲ. ಗಿಡ ಸತ್ತ ಮೇಲೂ ಮಣ್ಣಿನಲ್ಲಿ, ಕೂಳೆಯಲ್ಲಿ ವರ್ಷಗಟ್ಟಲೆ ಕಾದು ಕೂರುತ್ತದೆ. ಟೊಮೆಟೊ, ಬದನೆಯ ಸೊರಗು ರೋಗಗಳದ್ದೂ ಇದೇ ಚಾಳಿ. ಕುಂಡಕ್ಕೆ ಮೆತ್ತಿದ ಹಳೇ ಮಣ್ಣೂ ಅವಕ್ಕೆ ಸಾಕು. ಹೊಲವಾದರೆ ಬೆಳೆ ಬದಲಿಸಬಹುದು. ಗುಲಾಬಿ ಬೇಕೆಂದ ಹೆಂಡತಿಗೆ ಈ ವರ್ಷ ಕುಂಡದಲ್ಲಿ ಜೋಳ ಎಂದು ಹೇಳುವ ಧೈರ್ಯ ಯಾರಿಗಿದೆ?

ಆದ್ದರಿಂದ ಜಳಕವೇ ಗತಿ. ಮೊದಲು ಸಾಬೂನು ನೀರಿನಲ್ಲಿ ಮಣ್ಣೆಲ್ಲ ಹೋಗುವಂತೆ ತೊಳೆಯಬೇಕು. ಮಣ್ಣು ಉಳಿದರೆ ಬ್ಲೀಚಿನ ಶಕ್ತಿಯನ್ನು ಅದೇ ತಿಂದು ತೇಗುತ್ತದೆ. ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ 10 ನಿಮಿಷ ಮುಳುಗಿಸಿಡಬೇಕು. ಮಣ್ಣಿನ ಕುಂಡ ಬ್ಲೀಚನ್ನೂ ಕುಡಿದುಬಿಡುವ ಜಾತಿ. ಅದನ್ನು ಮತ್ತೆ ಬರೀ ನೀರಿನಲ್ಲಿ ನೆನೆಸಿ ಬಿಸಿಲಿಗಿಡಿ. ಮೇ ತಿಂಗಳಲ್ಲಿ ಪಾರ 40 ದಾಟುವ ನಮ್ಮಲ್ಲಿ ಬಿಸಿಲಿಗೇನು ಬರ! ಪ್ಲಾಸ್ಟಿಕ್ ಕುಂಡವನ್ನು ಮಾತ್ರ ನೆರಳಲ್ಲಿ ಒಣಗಿಸಿ. ಬಿಸಿಲು ತಿಂದು ತಿಂದು ಅದು ಹಪ್ಪಳದಂತೆ ಮುರಿಯುತ್ತದೆ.

ಎಲ್ಲ ಕೇಳಿಸಿಕೊಂಡ ಕಾಕಿ ಒಳಗೆ ಹೋಗಿ ತಮ್ಮ ಮನೆಯ ಕುಂಡಗಳನ್ನೂ ತಂದಿಟ್ಟರು: "ಹೆಂಗೂ ನೀರು ಕಲಸೀದಿ, ಇವನ್ನೂ ಅದ್ದಿಬಿಡು."

ನೀವೂ ಅದ್ದುವುದಾದರೆ ಒಂದು ಮಾತು. ಬ್ಲೀಚಿಗೆ ವಿನೆಗರ್, ನಿಂಬೆರಸ, ಬಚ್ಚಲ ತೊಳೆಯುವ ಆಸಿಡ್ ಯಾವುದನ್ನೂ ಬೆರೆಸಬೇಡಿ. ವಿಷದ ಕ್ಲೋರಿನ್ ಅನಿಲ ಏಳುತ್ತದೆ. ವಿನೆಗರಿನ ಕೆಲಸ ಮುಗಿದು ಕುಂಡ ಚೆನ್ನಾಗಿ ತೊಳೆದ ಮೇಲೆಯೇ ಬ್ಲೀಚು, ಅದೂ ಬಯಲಲ್ಲಿ. ಕುಂಡದ ರೋಗ ಹೋಗಬೇಕೇ ಹೊರತು ತೊಳೆಯುವವನಲ್ಲ.