ಹಿಡಿದ ನರ, ಬಿಡದ ಪಂಡಿತರು

ಸಾಗರದ ಪೇಟೆಯಲ್ಲಿ ಒಂದು ಕಾಲು ಎಳೆದುಕೊಂಡು ನಡೆದು ನೋಡಿ. ತರಕಾರಿ ತೂಗುವವನು ಪಥ್ಯ ಹೇಳುತ್ತಾನೆ. ಬಸ್ ಕಂಡಕ್ಟರ್ ಪಂಡಿತರ ವಿಳಾಸ ಕೊಡುತ್ತಾನೆ. ಅಡಿಕೆ ಮಂಡಿಯ ಗುಮಾಸ್ತ ತನ್ನ ಭಾವನ ಆಪರೇಷನ್ ಕಥೆ ಬಿಚ್ಚುತ್ತಾನೆ. ಎಲ್ಲರಿಗೂ ರೋಗ ಗೊತ್ತು. ನಿಮ್ಮ ಕಾಲು ಮುಟ್ಟಿ ನೋಡುವ ಕರ್ಮ ಯಾರಿಗೂ ಬೇಡ.

ನರ ಒತ್ತಿಕೊಂಡಿದೆ, ಅಷ್ಟೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಜಾರಿ ನರದ ಬುಡ ಒತ್ತುತ್ತದೆ; ನೋವು ಸೊಂಟದಿಂದ ಪಾದಕ್ಕಿಳಿಯುತ್ತದೆ. ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ವೈದ್ಯರು 1934ರಲ್ಲೇ ಇದನ್ನು ಬರೆದಿಟ್ಟರು. ಆ ಸುದ್ದಿ ಆಗುಂಬೆ ಘಾಟಿಯ ಯಾವ ತಿರುವಿನಲ್ಲಿ ಕೆಟ್ಟು ನಿಂತಿದೆಯೋ. ಇಲ್ಲಿ ಒಬ್ಬರಿಗೆ ಅದು ವಾಯು, ಇನ್ನೊಬ್ಬರಿಗೆ ಉಳುಕು. ಕವಡೆ ಹಾಕಿ ನೋಡುವವರ ಜಗಲಿಯಲ್ಲಿ ನಾಗದೋಷ.

ಉಳುಕಾದರೆ ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳಬೇಕಂತೆ. ಪರೀಕ್ಷೆಯಿಲ್ಲ, ನೋಂದಣಿಯಿಲ್ಲ, ಡೊನೇಷನ್ ಇಲ್ಲ. ಹೆರಿಗೆ ಕೋಣೆಯಲ್ಲೇ ಪದವಿ ಪ್ರದಾನ. ಜಾರಿದ ಡಿಸ್ಕಿಗೆ ಒದ್ದರೆ ಏನಾದೀತು ಎಂದು ಕೇಳಬೇಡಿ. ಕೇಳಿದವನಿಗೆ ನಂಬಿಕೆ ಸಾಲದು ಎನ್ನುತ್ತಾರೆ.

ಆನಂದಪುರದ ಹತ್ತಿರದ ನರಸೀಪುರ ದೇಶಕ್ಕೆಲ್ಲ ಗೊತ್ತು. ಕ್ಯಾನ್ಸರಿಗೆ ಮರದ ಚಕ್ಕೆ ಕೊಡುತ್ತಿದ್ದ ನಾರಾಯಣಮೂರ್ತಿಯವರ ಮನೆ ಮುಂದೆ ಗುರುವಾರ, ಭಾನುವಾರ ಊರೂರಿನ ಜನ ಸಾಲು ನಿಲ್ಲುತ್ತಿದ್ದರು. ಅವರು 2020ರಲ್ಲಿ ತೀರಿಕೊಂಡರು. ಆ ಸಾಲು ನಮ್ಮ ಸೀಮೆಯವರಿಗೆ ಕಲಿಸಿದ ಪಾಠ ಮಾತ್ರ ಉಳಿದಿದೆ: ಔಷಧಿಯ ಗುಣವನ್ನು ಸಾಲಿನ ಉದ್ದದಿಂದ ಅಳೆಯಬೇಕು. ಗುಣವಾದವರೆಷ್ಟು ಎಂದು ಎಣಿಸಿದವರಿಲ್ಲ. ನಿಂತವರೆಷ್ಟು ಎಂಬ ಲೆಕ್ಕ ಎಲ್ಲರ ನಾಲಿಗೆ ತುದಿಯಲ್ಲಿ.

ಈ ದೇಶದಲ್ಲಿ 1954ರ ಕಾನೂನೊಂದಿದೆ. ಕೆಲವು ರೋಗಗಳನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಹಾಕುವುದೇ ಅಪರಾಧ. ಆ ಪಟ್ಟಿಯಲ್ಲಿ ನರಮಂಡಲದ ತೊಂದರೆಗಳೂ ಇವೆ, ಪಾರ್ಶ್ವವಾಯುವೂ ಇದೆ. ‘ನರ ದೌರ್ಬಲ್ಯ, ಲಕ್ವ, ಸೊಂಟನೋವು: ಶಾಶ್ವತ ಪರಿಹಾರ’ ಎಂಬ ಚೀಟಿ ಅಂಟದ ಕರೆಂಟು ಕಂಬ ಇದ್ದರೆ ತೋರಿಸಿ. ಕಾನೂನಿಗೂ ಎಲ್ಲೋ ನರ ಹಿಡಿದಿರಬೇಕು.

ಹಾಗೆಂದು ಬಿಳಿ ಕೋಟಿನವರು ಸಾಚಾ ಅಂದುಕೊಳ್ಳಬೇಡಿ. ನಾಟಿಯವರನ್ನು ಕಂಡರೆ ಉರಿದು ಬೀಳುವ ಡಾಕ್ಟರೇ, ರಕ್ತಪರೀಕ್ಷೆ ಮಾಡಿಸದೆ, ಕೊರತೆ ಇದೆಯೋ ಇಲ್ಲವೋ ನೋಡದೆ ಮೂರು ತಿಂಗಳಿಗೆ ನರದ ವಿಟಮಿನ್ ಬರೆಯುತ್ತಾರೆ. ಇಂಗ್ಲಿಷ್ ಔಷಧಿ ವಿಷ ಎಂದು ಭಾಷಣ ಬಿಗಿಯುವ ಪಂಡಿತರಲ್ಲೂ ಕೆಲವರ ಪುಡಿ ತಿಂದವನ ಮುಖ ತಿಂಗಳೊಪ್ಪತ್ತಿನಲ್ಲಿ ದುಂಡಗೆ ಊದಿಕೊಳ್ಳುತ್ತದೆ. ಅದು ಬೇರಿನ ಗುಣವಲ್ಲ, ಪುಡಿಗೆ ಕುಟ್ಟಿ ಬೆರೆಸಿದ ಸ್ಟೀರಾಯ್ಡ್ ಮಾತ್ರೆಯ ಗುಣ. ಹಗಲು ಜಗಳ, ರಾತ್ರಿ ಕೊಡುಕೊಳ್ಳುವಿಕೆ.

ಇನ್ನು ಎಂಆರ್‌ಐ. ಸೊಂಟ ಎಂದರೆ ಸಾಕು, ಶಿವಮೊಗ್ಗಕ್ಕೆ ಹೋಗಿ ಫೋಟೋ ತೆಗೆಸಿ ಬನ್ನಿ. ‘ಎಲ್4-ಎಲ್5 ಉಬ್ಬಿದೆ’ ಎಂದು ವರದಿ ಬರುತ್ತದೆ. ಬರದೆ ಏನು? ನೋವೇ ಇಲ್ಲದವರ ಬೆನ್ನು ನೋಡಿದ ಅಧ್ಯಯನಗಳನ್ನೆಲ್ಲ 2015ರಲ್ಲಿ ಒಟ್ಟು ಹಾಕಿದಾಗ ಐವತ್ತರ ವಯಸ್ಸಿನವರಲ್ಲಿ ಶೇಕಡಾ 60 ಜನರ ಡಿಸ್ಕ್ ಉಬ್ಬಿತ್ತು. ಇಪ್ಪತ್ತರವರಲ್ಲೇ ಶೇಕಡಾ 30. ಹೊಸನಗರ ಬಸ್ ನಿಲ್ದಾಣದಲ್ಲಿ ಹಾಯಾಗಿ ಎಲೆಯಡಿಕೆ ಹಾಕುತ್ತಿರುವವರನ್ನು ಹಿಡಿದು ಯಂತ್ರದೊಳಗೆ ತೂರಿಸಿದರೆ ಅರ್ಧಕ್ಕರ್ಧ ಜನ ರೋಗಿಗಳಾಗಿ ಹೊರಬರುತ್ತಾರೆ.

ಫೋಟೋ ನೋಡಿದ ಮೇಲೆ ಆಜ್ಞೆ: ಮೂರು ತಿಂಗಳು ಬೆಡ್ ರೆಸ್ಟ್. ಯಾರಿಗೆ? ಅಡಿಕೆ ಕೊಯ್ಲಿನಲ್ಲಿ ರಾತ್ರಿಯವರೆಗೆ ಬಗ್ಗಿ ಕೂತು ಸುಲಿದು, ಡಬ್ಬದ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸಿಗೆ. ಹಾಸಿಗೆ ಹಿಡಿದರೆ ಸೊಂಟ ಇನ್ನಷ್ಟು ಬಿಗಿಯುತ್ತದೆ, ಓಡಾಡಿಕೊಂಡಿರಿ ಎಂದು ಜಗತ್ತಿನ ವೈದ್ಯರು ಹೇಳತೊಡಗಿ ದಶಕಗಳಾದವು.

ನಾಲ್ಕು ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ ಈ ಶಿವಮೊಗ್ಗ. ಕಡಿದಾಳ್ ಮಂಜಪ್ಪನವರಂತೂ ತೀರ್ಥಹಳ್ಳಿಯವರೇ. 2023ರಲ್ಲಿ ಸೋಗಾನೆಯಲ್ಲಿ ತಾವರೆಯಾಕಾರದ ವಿಮಾನ ನಿಲ್ದಾಣವೂ ಬಂತು. ನರತಜ್ಞರನ್ನು ಕಾಣಬೇಕಾದ ತೀರ್ಥಹಳ್ಳಿಯವನು ಮಾತ್ರ ಈಗಲೂ ಬಸ್ ಹಿಡಿದು ಶಿವಮೊಗ್ಗಕ್ಕೆ ಹೋಗಬೇಕು, ಇಲ್ಲವೇ ಆಗುಂಬೆಯ 14 ತಿರುವು ಇಳಿದು ಮಣಿಪಾಲಕ್ಕೆ. ನಾಟಿ ವೈದ್ಯ ಉಳಿಸಿ ಎಂದು ವೇದಿಕೆ ಮೇಲೆ ಗಂಟಲು ಹರಿದುಕೊಳ್ಳುವವರ ಸೊಂಟ ಹಿಡಿದರೆ ಕಾರು ನೆಟ್ಟಗೆ ಬೆಂಗಳೂರಿಗೆ ಹೋಗುತ್ತದೆ.

ದೆಹಲಿಯವರಿಗೆ ಬೇರೆಯದೇ ಚಿಂತೆ. ಫಿಸಿಯೋಥೆರಪಿಯವರು ಹೆಸರಿನ ಮುಂದೆ ‘ಡಾ’ ಹಾಕಬಾರದೆಂದು 2025ರ ಸೆಪ್ಟೆಂಬರಿನಲ್ಲಿ ಪತ್ರ ಹೊರಟಿತು. ಬೆನ್ನಲ್ಲೇ ಹಿಂದಕ್ಕೂ ಬಂತು. ಅಕ್ಷರದ ಮೇಲೆ ಇಷ್ಟು ಕಾಳಜಿ. ಫಿಸಿಯೋಥೆರಪಿಯವರೇ ಇಲ್ಲದ ಹೋಬಳಿಗಳ ಬಗ್ಗೆ ಪತ್ರವಿಲ್ಲ.

ಈ ದಂಧೆಯ ಗುಟ್ಟು ಸರಳ. ಒತ್ತಿಕೊಂಡ ನರ ಬಹಳ ಜನರಲ್ಲಿ ಆರರಿಂದ ಹನ್ನೆರಡು ವಾರಗಳಲ್ಲಿ ತಾನೇ ಸುಧಾರಿಸುತ್ತದೆ. ಮೊದಲು ಎಣ್ಣೆಯವನು, ಆಮೇಲೆ ಪುಡಿಯವನು, ಕೊನೆಗೆ ದಾರ ಕಟ್ಟುವವನು. ನೋವು ಇಳಿಯುವ ವಾರ ನೀವು ಯಾರ ಕೈಯಲ್ಲಿದ್ದಿರೋ ಅವರೇ ಧನ್ವಂತರಿ. ಅವರ ಮನೆ ಮುಂದೆ ಇನ್ನೊಂದು ಸಾಲು.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಸರಿಯಾದ ವೈದ್ಯರೇ ಇಲ್ಲವೆಂದಲ್ಲ. ಇದ್ದಾರೆ. ಅವರು ಮಲಗಿಸಿ ಕಾಲೆತ್ತಿ ನೋಡುತ್ತಾರೆ. ಹೆಬ್ಬೆರಳಿಗೆ ಬಲ ಇದೆಯೇ ಪರೀಕ್ಷಿಸುತ್ತಾರೆ. ನಡೆಯಿರಿ, ಈ ಎರಡು ವ್ಯಾಯಾಮ ಮಾಡಿ, ಆರು ವಾರ ನೋಡೋಣ, ನೋವು ಬಗ್ಗದಿದ್ದರೆ ಆಗ ಸ್ಕ್ಯಾನ್ ಎನ್ನುತ್ತಾರೆ. ಪಾದ ಎತ್ತಲಾಗದಿದ್ದರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಒಂದು ದಿನವೂ ಕಾಯಬೇಡಿ, ದೊಡ್ಡಾಸ್ಪತ್ರೆಗೆ ಓಡಿ ಎಂದು ಎರಡೆರಡು ಸಲ ಹೇಳುತ್ತಾರೆ.

ಅವರ ಕೋಣೆಯಿಂದ ಹೊರಬಂದವನನ್ನು ಬೆಂಚಿನ ಮೇಲಿದ್ದವರು ಕೇಳುತ್ತಾರೆ: “ಏನಂದ್ರು ಮಾರಾಯ?”

“ಎಂಥದೂ ಇಲ್ಲ ಮಾರಾಯ. ಒಂದು ಇಂಜೆಕ್ಷನ್ನೂ ಕೊಡ್ಲಿಲ್ಲ. ಕಾಲು ಎತ್ತಿ ಇಳಿಸಿ ಮುನ್ನೂರು ರೂಪಾಯಿ ತಗೊಂಡ್ರು.”

ಬೆಂಚು ಖಾಲಿಯಾಗುತ್ತದೆ.