ಉಪವಾಸದ ಮನೆಯಲ್ಲಿ ಮಿರ್ಚಿ ಭಜಿ

ಬೂದಿ ಬುಧವಾರದ ದಿನ ಚರ್ಚಿನಲ್ಲಿ ಓದಲಿಕ್ಕೆ ಎರಡು ಪಾಠ ಇಟ್ಟಿದ್ದಾರೆ ನೋಡಿ, ಅವನ್ನು ಆರಿಸಿದ ಪುಣ್ಯಾತ್ಮರು ಭಾರೀ ಕಿಲಾಡಿಗಳಿರಬೇಕು. ಒಂದು ಯೋವೇಲ ಪ್ರವಾದಿಯದು. ಕೊಂಬು ಊದಿಸಿ, ಉಪವಾಸ ಸಾರಿಸಿ, ಮುದುಕರು ಮಕ್ಕಳೆನ್ನದೆ ಎಲ್ಲರನ್ನೂ ಕೂಡಿಸಿ, ಮೊಲೆ ಕುಡಿಯುವ ಕೂಸನ್ನೂ ಬಿಡಬೇಡಿ, ಮದುಮಗ ಕೋಣೆಯೊಳಗಿದ್ದರೆ ಅವನನ್ನೂ ಎಬ್ಬಿಸಿ ತನ್ನಿ ಅನ್ನುತ್ತದೆ ಅದು. ಇನ್ನೊಂದು ಮತ್ತಾಯನ ಆರನೆಯ ಅಧ್ಯಾಯ. ಉಪವಾಸ ಇದ್ದದ್ದು ಯಾರಿಗೂ ಗೊತ್ತಾಗಬಾರದು, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಂಡು ಓಡಾಡು ಅಂತ ಅಲ್ಲಿ ಯೇಸುಸ್ವಾಮಿಯ ಅಪ್ಪಣೆ. ಒಂದು ಡಂಗುರ ಹೊಡಿ ಅನ್ನುತ್ತದೆ, ಇನ್ನೊಂದು ಬಾಯಿ ಮುಚ್ಚು ಅನ್ನುತ್ತದೆ. ಎರಡನ್ನೂ ಒಂದೇ ದಿನ ಪಾಲಿಸುವುದು ಹೇಗೆ?

ಯಾದಗಿರಿ, ಶಹಾಪುರ, ಸುರಪುರದ ನಮ್ಮ ಜನ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ತಾನು ಉಪವಾಸ ಇದ್ದೇನೆ ಅಂತ ಯಾರೂ ಹೇಳಿಕೊಳ್ಳುವುದಿಲ್ಲ. ಪಕ್ಕದ ಮನೆಯವರು ಹೇಳುತ್ತಾರೆ. ಉಪವಾಸ ಮುರಿದರೆ ಇನ್ನೂ ಜೋರಾಗಿ ಹೇಳುತ್ತಾರೆ.

"ಯಕ್ಕಾ, ನಿಮ್ಮ ಮನಿ ಕಾಕಾ ಚಾ ಬಿಟ್ಟಾರ ಅಂದಿದ್ರಿ. ಮುಂಜಾನಿ ಬಸ್ ಸ್ಟ್ಯಾಂಡ್ ಹೋಟೆಲಿನಾಗ ಕುಂತಿದ್ರಲ್ಲ?"

"ಚಾ ಬಿಟ್ಟಾರವ್ವ, ಖರೇನ ಬಿಟ್ಟಾರ. ಕಾಫಿ ಕುಡ್ಯಾಕ ಹೋಗಿದ್ರು."

ಇನ್ನು ಲೆಕ್ಕದ ಮಾತು. ಬೂದಿ ಬುಧವಾರದಿಂದ ಈಸ್ಟರ್ ತನಕದ ಈ ಉಪವಾಸದ ಕಾಲವೇ ಲೆಂಟ್. ಬಾಯಲ್ಲಿ ನಲವತ್ತು ದಿನ ಅನ್ನುತ್ತೇವೆ. 2025ರಲ್ಲಿ ಬೂದಿ ಬುಧವಾರ ಮಾರ್ಚ್ 5ಕ್ಕೆ ಬಂತು, ಈಸ್ಟರ್ ಏಪ್ರಿಲ್ 20ಕ್ಕೆ. ನಡುವಿನ ದಿನ ಎಣಿಸಿದರೆ 46 ಆಗುತ್ತವೆ. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಆ ಆರು ಭಾನುವಾರ ಲೆಕ್ಕಕ್ಕಿಲ್ಲ. ಏಳನೇ ಕ್ಲಾಸಿನ ಗಣಿತದಲ್ಲಿ ಡುಮ್ಕಿ ಹೊಡೆದವರಿಗೂ ಈ ಕಳೆಯುವ ಲೆಕ್ಕ ಬಾಯಿಪಾಠ. ಹೀಗಾಗಿ ಸೋಮವಾರದಿಂದ ಶನಿವಾರದವರೆಗೆ ಪುಂಡಿ ಪಲ್ಯ, ಶೇಂಗಾ ಹಿಂಡಿ. ಭಾನುವಾರ ಆರಾಧನೆ ಮುಗಿಸಿ ಮನೆಗೆ ಬರುವಷ್ಟರಲ್ಲಿ ಕುಕ್ಕರಿನೊಳಗೆ ಮಟನ್ ಸೀಟಿ ಹೊಡೆಯುತ್ತಿರುತ್ತದೆ.

ಬಿಡುವ ಪದಾರ್ಥದ ಆಯ್ಕೆಯೂ ಅಷ್ಟೇ ಜಾಣತನದ್ದು. ಶುಗರ್ ಇದ್ದವರು ಸಿಹಿ ಬಿಡುತ್ತಾರೆ. ಹಲ್ಲು ಹೋದವರು ಮಾಂಸ ಬಿಡುತ್ತಾರೆ. ಹುಡುಗರು ರೀಲ್ಸ್ ಬಿಡುತ್ತಾರೆ, ಮತ್ತು ಬಿಟ್ಟ ಸುದ್ದಿಯನ್ನು ಸ್ಟೇಟಸ್ಸಿಗೆ ಹಾಕುತ್ತಾರೆ. ಯೋನನ ಕಥೆಯಲ್ಲಿ ನಿನೆವೆಯ ಅರಸ ದನ ಕುರಿಗಳಿಗೂ ಮೇವು ನೀರು ಬಂದ್ ಮಾಡಿಸಿ ಮೈಮೇಲೆ ಗೋಣಿತಟ್ಟು ಹೊದಿಸಿದನಂತೆ. ನಮ್ಮ ಕಡೆ ಹಾಗೆ ಮಾಡಿದರೆ ಎಮ್ಮೆಗಳು ಎದುರುತ್ತರ ಕೊಡುವುದಿಲ್ಲ, ನಿಜ. ಬೆಳಿಗ್ಗೆ ಹಾಲು ಬರದಿದ್ದಾಗ ಮನೆಯವರು ಕೊಡುತ್ತಾರೆ.

ಅದೇ 2025ರಲ್ಲಿ ಫೆಬ್ರುವರಿ 26ಕ್ಕೆ ಶಿವರಾತ್ರಿ, ಮಾರ್ಚ್ 2ಕ್ಕೆ ರಮಜಾನ್, ಮೂರು ದಿನ ಬಿಟ್ಟು ನಮ್ಮ ಲೆಂಟ್. ಓಣಿಗೆ ಓಣಿಯೇ ಉಪವಾಸಕ್ಕೆ ಸಾಲು ಹಚ್ಚಿದಂತಾಗಿತ್ತು. ಹೊಲಿಗೆ ಅಂಗಡಿಯ ಭಾಯಿ ಒಣಗಿದ ತುಟಿಯಲ್ಲೇ ವಿಚಾರಣೆ ಶುರು ಮಾಡಿದರು.

"ನಿಮ್ಮ ರೋಜಾದಾಗ ನೀರು ನಡೀತದೇನ್ರೀ?"

"ನಡೀತದ್ರಿ ಭಾಯಿ."

"ಚಾ?"

"ಅದೂ ನಡೀತದ."

"ಸಂಡೇ ಬಿರಿಯಾನಿ?"

"ಸಂಡೇ ಲೆಕ್ಕಕ್ಕಿಲ್ರಿ."

ಭಾಯಿ ಸೂಜಿಗೆ ದಾರ ಪೋಣಿಸುತ್ತ ಅಂದರು: "ಮತ್ತ ಇಷ್ಟು ಸೊರಗೀರಿ ಯಾಕ?"

ಚಹಾದ ವಿಷಯದಲ್ಲಿ ಮಾತ್ರ ನಮ್ಮವರನ್ನು ಬಯ್ಯುವಂತಿಲ್ಲ, ಮೂಲಪುರುಷನೇ ಆ ದಾರಿ ತೋರಿಸಿದ್ದಾನೆ. ನಮ್ಮ ಭಾಗದ ಹಳೆಯ ಸಭೆಗಳಲ್ಲಿ ಮೆಥಡಿಸ್ಟರವೇ ಎದ್ದು ಕಾಣುತ್ತವೆ. ಆ ಪಂಥಕ್ಕೆ ಕಾರಣನಾದ ಜಾನ್ ವೆಸ್ಲಿ ಪ್ರಾಯದಲ್ಲಿ ಬುಧವಾರ, ಶುಕ್ರವಾರ ಮಧ್ಯಾಹ್ನ ಮೂರರವರೆಗೆ ಊಟ ಮುಟ್ಟುತ್ತಿರಲಿಲ್ಲ. 1746ರಲ್ಲಿ ಚಹಾ ಬಿಟ್ಟ. ಚಹಾ ಕುಡಿದು ಕೈ ನಡುಗುತ್ತಿತ್ತು, ಬಿಟ್ಟ ಮೇಲೆ ನಿಂತಿತು ಅಂತ 1748ರಲ್ಲಿ ಚಹಾದ ಮೇಲೇ ಒಂದು ಉದ್ದನೆಯ ಪತ್ರ ಬರೆದ. ಉಳಿದ ದುಡ್ಡು ಬಡವರಿಗೆ ಹೋಗಲಿ ಎಂಬುದು ಅವನ ಮುಖ್ಯ ಆಸೆ. ಅದೇ ಮಹಾನುಭಾವ ಕೆಲವು ವರ್ಷಗಳ ಮೇಲೆ ಡಾಕ್ಟರರು ಹೇಳಿದರು ಅಂತ ಮತ್ತೆ ಚಹಾ ಹಿಡಿದ. ಲಂಡನ್ನಿನ ಅವನ ಮನೆಯಲ್ಲಿ ವೆಜ್‌ವುಡ್ ಕಂಪನಿಯ ದೊಡ್ಡದೊಂದು ಚಹಾದ ಪಾತ್ರೆ ಇಂದಿಗೂ ಇದೆ. ನಮ್ಮವರು ಈ ಕಥೆಯಲ್ಲಿ ಮೊದಲಿನದನ್ನು ಹಿಡಿದಿದ್ದಾರೆ, ಕೊನೆಯದನ್ನೂ ಹಿಡಿದಿದ್ದಾರೆ. ಬಡವರಿಗೆ ದುಡ್ಡು ಎಂಬ ನಡುವಿನದೊಂದು ಜಾರಿ ಬಿದ್ದಿದೆ.

ಆ ದುಡ್ಡು ಎಲ್ಲಿಗೆ ಹೋಯಿತು ಅಂತ ತಿಳಿಯಬೇಕಾದರೆ ಲೆಂಟಿನ ಮನೆ ಪ್ರಾರ್ಥನೆಗೆ ಬನ್ನಿ. ದಿನಕ್ಕೊಂದು ಮನೆ, ಸಂಜೆ ಏಳರ ಹೊತ್ತು. ಪಡಸಾಲೆಯಲ್ಲಿ ಜಮಖಾನ, ಬಾಗಿಲಲ್ಲಿ ಚಪ್ಪಲಿ ರಾಶಿ, ಅಡುಗೆಮನೆಗೆ ಅಡ್ಡ ಒಂದು ಪರದೆ. ಪರದೆಯಾಚೆ ಕಡ್ಲಿಹಿಟ್ಟು ಕಲಸಿ ಇಟ್ಟಿದ್ದಾರೆ. ಉದ್ದಕ್ಕೆ ಸೀಳಿದ ಮೆಣಸಿನಕಾಯಿಯೊಳಗೆ ಅಜಿವಾನ ಉಪ್ಪು ತುಂಬಿದ್ದಾರೆ. ಈಚೆ ಸಭೆಯ ಹಿರಿಯರೊಬ್ಬರು ಕಣ್ಣು ಮುಚ್ಚಿ ಶುರು ಮಾಡಿದ್ದಾರೆ. ಅವರ ಪ್ರಾರ್ಥನೆಗೆ ಗೊತ್ತಾದ ಹಾದಿ ಉಂಟು. ಮೊದಲು ಪಾಸ್ಟರ್ ಅಯ್ಯನವರು, ಆಮೇಲೆ ಸಭೆ, ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, ದೇಶ, ಕಡೆಗೆ ಇಸ್ರಾಯೇಲು. ಅವತ್ತು ಜಿಲ್ಲೆಗೆ ಬರುವಷ್ಟರಲ್ಲಿ ಪರದೆಯಾಚೆ ಎಣ್ಣೆಗೆ ಮೊದಲ ಮೆಣಸಿನಕಾಯಿ ಬಿತ್ತು, ಚೊಂಯ್! ಹುಡುಗರೆಲ್ಲ ಒಂದೊಂದು ಕಣ್ಣು ತೆರೆದರು. ಹಿರಿಯರ ಪ್ರಾರ್ಥನೆ ಯಾದಗಿರಿ ಜಿಲ್ಲೆಯಿಂದ ಎಲ್ಲೂ ಸ್ಟಾಪ್ ಕೊಡದೆ ನೇರ ಆಮೆನ್ ತಲುಪಿತು.

ಮೊದಲ ವಾರ ಚಾ-ಬಿಸ್ಕೀಟು ಇರುತ್ತದೆ. ಎರಡನೇ ವಾರ ಮಂಡಾಳ ಒಗ್ಗರಣಿ, ಮೂರಕ್ಕೆ ಭಜಿ. ಗರಿಗಳ ಭಾನುವಾರ ಹತ್ತಿರ ಬಂತೆಂದರೆ ಉಪ್ಪಿಟ್ಟು-ಶಿರಾ. ಇದು ಉಪವಾಸ ಕೂಟವೋ ಬೀಗರ ಊಟವೋ ಅಂತ ಕಮಿಟಿಯಲ್ಲಿ ಗದ್ದಲವಾಗಿ, ಇನ್ನು ಬರೀ ಚಹಾ ಅಂತ ಠರಾವು ಆಯಿತು. ಹೆಣ್ಣುಮಕ್ಕಳು ಠರಾವಿಗೆ ಪೂರ್ಣ ಒಪ್ಪಿಗೆ ಕೊಟ್ಟರು. "ಚಾದ ಜೋಡಿ ಏನರ ಬಂದ್ರ ಅದು ಚಾದ ಲೆಕ್ಕದಾಗೇ ಬರ್ತದಲ್ರೀ?" ಅಂದರು. ಕಮಿಟಿಯ ಗಂಡಸರಿಗೆ ಈ ತರ್ಕದಲ್ಲಿ ತಪ್ಪು ಸಿಗಲಿಲ್ಲ, ಹುಡುಕಲೂ ಇಲ್ಲ.

ಹಾಗಾದರೆ ಇಷ್ಟು ಕೂಡಿ ಮಾಡುವುದೇತಕ್ಕೆ, ಅವರವರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾಡಬಾರದೇ? ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಪಾಸ್ಟರಲ್ಲ, ಹಿಂದಿನ ಸಾಲಿನ ಒಬ್ಬ ಆಯಿ. ಲೆಂಟ್ ಬರುವುದು ಗುಳೆಯ ಕಾಲದಲ್ಲಿ. ಹತ್ತಿ ಬಿಡಿಸಿ, ಹಿಂಗಾರಿ ಜೋಳ ಕೊಯ್ದು ಮುಗಿದಿರುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವಲ್ಲಿ ಎರಡನೇ ಭತ್ತದ ಕೆಲಸ ಉಂಟು. ಒಣಭೂಮಿಯ ಹಳ್ಳಿಗಳಲ್ಲಿ ಅದೂ ಇಲ್ಲ. ದುಡಿಯುವವರೆಲ್ಲ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಕಡೆ ಕಟ್ಟಡದ ಕೆಲಸಕ್ಕೆ ಗಂಟುಮೂಟೆ ಕಟ್ಟುತ್ತಾರೆ. ಚರ್ಚಿನಲ್ಲಿ ಉಳಿಯುವುದು ಮುದುಕರು ಮತ್ತು ಮೊಮ್ಮಕ್ಕಳು. ಆಯಿಯ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ನಿನಗೆ ವಯಸ್ಸಾಯಿತು, ಉಪವಾಸ ಬೇಡ ಅಂದದ್ದಕ್ಕೆ ಆಕೆ ಅಂದಳು: "ಒಬ್ಬಾಕೀನೇ ಹಸದು ಕೂಡೋದು ನನಗ ವರ್ಷಪೂರ್ತಿ ರೂಢಿ ಅದ ತಮ್ಮಾ. ಎಲ್ಲಾರೂ ಕೂಡಿ ಹಸದು ಕೂಡೋದು ಈ ನಲವತ್ತೇ ದಿನ. ಅದನ್ಯಾಕ ತಪ್ಪಿಸ್ಲಿ?"

ಅವಳ ಮನೆಯ ಸರದಿ ಬಂದಾಗ ಒಂದು ತುಣುಕು ಬೆಲ್ಲ, ಒಂದು ಚರಿಗೆ ನೀರು ಇಟ್ಟಳು. ಅಲ್ಲಿ ಪರದೆಯೂ ಇರಲಿಲ್ಲ, ಎಣ್ಣೆಯ ಸದ್ದೂ ಇರಲಿಲ್ಲ. ಹಿರಿಯರಿಗೆ ಅವಸರವಿರಲಿಲ್ಲ, ಬೇಕಿದ್ದರೆ ಇಸ್ರಾಯೇಲು ದಾಟಿ ಹೋಗಬಹುದಿತ್ತು. ಆದರೆ ಪ್ರಾರ್ಥನೆ ಬೆಂಗಳೂರಿಗೆ ಹೋಗಿ ಅಲ್ಲೇ ನಿಂತಿತು. ಹೆಸರು ಹಿಡಿದು ಹಿಡಿದು ಒಬ್ಬೊಬ್ಬರಿಗೂ ಬೇಡಿಕೊಂಡರು. ಹಸಿದವರಿಗೆ ರೊಟ್ಟಿ ಹಂಚುವುದೇ ತನಗೆ ಬೇಕಾದ ಉಪವಾಸ ಅಂತ ದೇವರು ಅಂದದ್ದು ಯೆಶಾಯನ 58ನೆಯ ಅಧ್ಯಾಯದಲ್ಲಿದೆ. ಯಾರ ಮನೆಯ ರೊಟ್ಟಿಬುಟ್ಟಿ ಖಾಲಿ ಅಂತ ತಿಳಿಯಬೇಕಾದರೆ ದಿನಕ್ಕೊಂದು ಮನೆ ಹೊಗಲೇಬೇಕು. ಯೋವೇಲನ ಕೊಂಬು ಊದಿದ್ದು ಅದಕ್ಕೇ ಇರಬೇಕು. ಪಕ್ಕದವರ ತಟ್ಟೆಗೆ ಇಣುಕುವ ನಮ್ಮ ಹಳೆಯ ಚಾಳಿಗೆ ಒಂದು ಧರ್ಮದ ಕೆಲಸ ಸಿಕ್ಕಂತಾಯಿತು.

ಇದನ್ನೆಲ್ಲ ಸೇರಿಸಿ ಸಭೆಯ ಹಿರಿಯರಿಗೆ ಒಂದು ಅರ್ಜಿ ಕೊಟ್ಟಿದ್ದೇನೆ. ಮುಂದಿನ ಲೆಂಟಿನಲ್ಲಿ ಹೆಣ್ಣುಮಕ್ಕಳು ಭಜಿ ಬಿಡಲಿ, ಗಂಡಸರು ಬಸ್ ಸ್ಟ್ಯಾಂಡಿನ ಕಾಫಿ ಬಿಡಲಿ. ಉಳಿದದ್ದು ಕಾಣಿಕೆ ಕವರಿಗೆ ಬೀಳಲಿ, ಕವರು ಗುಳೆ ಹೋದವರ ಮನೆಯ ಮಕ್ಕಳಿಗೆ ಮುಟ್ಟಲಿ. ಶುಭ ಶುಕ್ರವಾರ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತಿನ ಮೇಲೆ ಪ್ರಸಂಗ ಮಾಡುವ ಏಳು ಮಂದಿ ತಲಾ ಹತ್ತು ನಿಮಿಷ ಬಿಡಲಿ. ನಮ್ಮ ಬಿಸಿಲಿನಲ್ಲಿ ಕರೆಂಟು ಹೋದ ಮೇಲೆ ಎಂಟನೇ ಮಾತು ಕೇಳುವ ತ್ರಾಣ ಯಾರಿಗೂ ಇರುವುದಿಲ್ಲ.

ಹಿರಿಯರು ಅರ್ಜಿಯನ್ನು ಎರಡು ಸಲ ಓದಿ, ಚಷ್ಮಾ ತೆಗೆದು ಅಂದರು: "ಭಾಳ ಛಲೋ ವಿಚಾರ. ಕಮಿಟ್ಯಾಗ ಇಡೋಣಂತ. ಈಸ್ಟರ್ ಆಗ್ಲಿ, ಚಾ ಕುಡಕೋತ ಕುಂತು ಮಾತಾಡಿದ್ರಾತು."