ಮೊಲದ ಹೊಟ್ಟೆಯ ವಿಷಯವಾಗಿ ಪಶುವೈದ್ಯ ಮಹನೀಯರಿಗೊಂದು ಬಹಿರಂಗ ಪತ್ರ

ಮಾನ್ಯ ಪಶುವೈದ್ಯ ಮಹನೀಯರ ಸನ್ನಿಧಾನಕ್ಕೆ, ವೇದಾವತಿ ದಂಡೆಯ ರಾರಾವಿ ಹಾಗೂ ಸುತ್ತಲಿನ ಊರುಗಳ ಸಾಕುಮೊಲಗಳ ಪರವಾಗಿ ಸವಿನಯ ಬಿನ್ನಹ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆಂದು ವಾದಿಸುವುದು ಲೋಕದ ಹಟವಾದರೆ, ಅದೇ ಮೊಲಕ್ಕೆ ಹಸುವಿನಂತೆ ನಾಲ್ಕು ಕೋಣೆಗಳ ಹೊಟ್ಟೆಯಿದೆಯೆಂದು ನಂಬಿ ಔಷಧ ಬರೆಯುವುದು ಮಹನೀಯರ ವಿಶೇಷ ಸಾಧನೆಯಾಗಿದೆ. ವಾಸ್ತವದಲ್ಲಿ ಮೊಲದ ಜಠರಕ್ಕಿರುವುದು ಒಂದೇ ಕೋಣೆ. ಅದು ತಿಂದ ನಾರು ಹುದುಗುವುದು ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿರುವ ಸೀಕಮ್ ಎಂಬ ಚೀಲದಲ್ಲಿ, ಮತ್ತು ಅಲ್ಲಿ ಸಿದ್ಧವಾದ ಮೆತ್ತನೆಯ ಹಿಕ್ಕೆಯನ್ನು ಮೊಲ ನೇರವಾಗಿ ಬಾಯಿಗೆ ತೆಗೆದುಕೊಂಡು ಎರಡನೆಯ ಬಾರಿ ಜೀರ್ಣಿಸಿಕೊಳ್ಳುತ್ತದೆ. ನಾರು ಒಳಗೆ ಹೋಗುತ್ತಿರುವವರೆಗೆ ಮಾತ್ರ ಈ ಕರುಳು ಸರಿಯಾಗಿ ಚಲಿಸುತ್ತದೆ. ಮೇವು ಕಡಿಮೆಯಾದರೂ, ನಿರಂತರ ಬೆಳೆಯುವ ಹಲ್ಲು ಕೆನ್ನೆಯನ್ನು ಕೊರೆದರೂ, 40 ಡಿಗ್ರಿ ಮೀರುವ ಬಳ್ಳಾರಿಯ ಬಿಸಿಲಿಗೆ ಮೈಯ ನೀರು ಆರಿದರೂ ಕರುಳು ನಿಧಾನವಾಗಿ, ವಾಯು ತುಂಬಿ, ಆ ನೋವಿಗೆ ಮೊಲ ಇದ್ದಬದ್ದ ಮೇವನ್ನೂ ಬಿಡುತ್ತದೆ. ಜಿಐ ಸ್ಟೇಸಿಸ್, ಅಂದರೆ ಕರುಳು ನಿಂತುಬಿಡುವ ಸ್ಥಿತಿ, ಎಂದು ಕರೆಯಲಾಗುವ ಇದು ಒಂದೆರಡು ದಿನಗಳಲ್ಲೇ ಪ್ರಾಣ ತೆಗೆಯಬಲ್ಲದು.

ಇಂಥ ಮೊಲವನ್ನು ಬುಟ್ಟಿಯಲ್ಲಿಟ್ಟುಕೊಂಡು ಸಿರುಗುಪ್ಪಕ್ಕೋ, ಅಲ್ಲಿಂದ 50 ಕಿ.ಮೀ.ಗೂ ಆಚೆಯ ಬಳ್ಳಾರಿಗೋ ಹೋದವರಿಗೆ ಮೊದಲು ದೊರೆಯುವ ಪ್ರಸಾದವೆಂದರೆ, ಒಂದು ದಿನ ಏನೂ ತಿನ್ನಿಸಬಾರದೆಂಬ ಅಪ್ಪಣೆ. ಮೊಲ ತಾನಾಗಿಯೇ ಉಪವಾಸ ಕೂತದ್ದರಿಂದ ಅದನ್ನು ತರಲಾಗಿದೆಯೆಂಬ ಸಣ್ಣ ಸಂಗತಿ ಈ ಅಪ್ಪಣೆಗೆ ಅಡ್ಡಿಯಾಗುವುದಿಲ್ಲ; ಮೊಲಕ್ಕೆ ವಾಂತಿ ಮಾಡಲಾಗದು, ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುನ್ನವೂ ಅದನ್ನು ದೀರ್ಘಕಾಲ ಹಸಿವಿನಲ್ಲಿಡಬಾರದು ಎಂಬ ತಿಳಿವಳಿಕೆಯೂ ಅಡ್ಡಿಯಾಗುವುದಿಲ್ಲ. ಅನಂತರ ಬರುವುದು ಆ್ಯಂಟಿಬಯೋಟಿಕ್ ಸಿರಪ್. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ವರ್ಗದ ಔಷಧಗಳನ್ನು ಬಾಯಿಯ ಮೂಲಕ ಕೊಟ್ಟರೆ ಸೀಕಮ್ಮಿನ ಉಪಕಾರಿ ಸೂಕ್ಷ್ಮಜೀವಿಗಳು ಸತ್ತು, ಕ್ಲಾಸ್ಟ್ರಿಡಿಯಮ್ ಎಂಬ ವಿಷಕಾರಿ ಬ್ಯಾಕ್ಟೀರಿಯ ಹೆಚ್ಚಿ, ರೋಗದಿಂದ ಉಳಿಯಬಹುದಾಗಿದ್ದ ಮೊಲ ಚಿಕಿತ್ಸೆಯಿಂದ ಸಾಯುತ್ತದೆ. ಆಗ ಮೊಲಗಳು ಬಹಳ ನಾಜೂಕಿನ ಪ್ರಾಣಿಗಳೆಂಬ ವಿಷಾದದ ನುಡಿ, ಶುಲ್ಕವಿಲ್ಲದೆ, ದೊರೆಯುತ್ತದೆ.

ದನ, ಎಮ್ಮೆ, ಕುರಿ, ಕೋಳಿಗಳೇ ತುಂಬಿರುವ ಪಠ್ಯದಲ್ಲಿ ಮೊಲಕ್ಕೆ ದೊರೆತದ್ದು ಒಂದು ಮೂಲೆ, ಅದೂ ಬಹುಮಟ್ಟಿಗೆ ಮಾಂಸ ಮತ್ತು ಉಣ್ಣೆಯ ಲೆಕ್ಕದಲ್ಲಿ. 2022ರಲ್ಲಿ ರಾಜ್ಯದ ದನಗಳಿಗೆ ಚರ್ಮಗಂಟು ರೋಗ ಬಂದಾಗ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಅಲೆದ ಮಹನೀಯರ ದುಡಿಮೆಯನ್ನು ಈ ಪತ್ರ ಹಗುರವಾಗಿ ಕಾಣುವುದೂ ಇಲ್ಲ. ಮುದ್ದಿನ ಹೆಸರಿನಲ್ಲಿ ಮಂಡಕ್ಕಿ, ಬಿಸ್ಕತ್ತು, ಬಾಳೆಹಣ್ಣು ತಿನ್ನಿಸಿ ಒಣಹುಲ್ಲನ್ನು ಮರೆಯುವ ಸಾಕುವವರ ಪಾಲೂ ಈ ಅಪರಾಧದಲ್ಲಿ ದೊಡ್ಡದೇ. ಆದರೆ ಅವರು ಪದವಿ ಪಡೆದವರಲ್ಲ.

ಬಿನ್ನಹ ದುಬಾರಿಯದೇನೂ ಅಲ್ಲ. ಮೊಲ ಕೊನೆಯದಾಗಿ ಯಾವಾಗ ತಿಂದಿತು, ಹಿಕ್ಕೆ ಯಾವಾಗ ಹಾಕಿತು ಎಂದು ಕೇಳಬೇಕು. ಮೈ ತಣ್ಣಗಾಗಿದ್ದರೆ ಬೆಚ್ಚಗಾಗಿಸಿ, ದ್ರವ ಕೊಟ್ಟು, ಮೆಲಾಕ್ಸಿಕ್ಯಾಮ್‌ನಂಥ ನೋವುನಿವಾರಕವನ್ನು ಮೊಲದ ತೂಕಕ್ಕೆ ಲೆಕ್ಕಹಾಕಿ ನೀಡಬೇಕು. ಕರುಳಿನಲ್ಲಿ ಅಡಚಣೆಯಿಲ್ಲವೆಂದು ಎಕ್ಸ್‌ರೇಯಿಂದ ಖಚಿತವಾದ ಮೇಲೆ ನಾರಿನ ಪುಡಿಯನ್ನು ನೀರಿನಲ್ಲಿ ಕದಡಿ ಸಿರಿಂಜಿನಿಂದ ತಿನ್ನಿಸಬೇಕು. ಇಷ್ಟಕ್ಕೆ ಬಿಡುವಿಲ್ಲವೆನ್ನುವ ಮಹನೀಯರು ಮೊಲದ ಚಿಕಿತ್ಸೆ ತಮಗೆ ತಿಳಿಯದೆಂದು ಬಾಗಿಲಲ್ಲೇ ಹೇಳಿ ಕಳುಹಿಸಿದರೆ, ಬೇರೆಡೆಗೆ ಹೋಗಲು ಮೊಲಕ್ಕೆ ಇನ್ನೂ ಕೆಲವು ಗಂಟೆಗಳಾದರೂ ಉಳಿದಿರುತ್ತವೆ.